ಹುರಮಂಜಿನಿಂದ ಡ್ಯೂಕೊದವರೆಗೆ

ಹಾವೇರಿ ಸೀಮೆಯಲ್ಲಿ ಗಾಡಿಗೆ ಬಣ್ಣ ಹಚ್ಚುವ ವಿದ್ಯೆ ಎಂದು ಆರಂಭವಾಯಿತೆಂದು ಕೇಳಿದರೆ, ಗ್ಯಾರೇಜಿನವರು ಮೋಟಾರು ಬಂದ ಕಾಲವನ್ನು ಹೇಳಿಯಾರು. ಅದನ್ನು ನಾನು ಒಪ್ಪಲಾರೆ. ಮೋಟಾರು ಬರುವ ಎಷ್ಟೋ ಮೊದಲೇ ಈ ನಾಡಿನ ಒಕ್ಕಲಿಗನು ಕಾರಹುಣ್ಣಿಮೆಯ ಮುಂಜಾವಿನಲ್ಲಿ ಎತ್ತುಗಳನ್ನು ಹಳ್ಳಕ್ಕೊಯ್ದು ಮೈ ತೊಳೆದು, ಕೋಡುಗಳನ್ನು ಹೆರೆದು ನುಣುಪು ಮಾಡಿ, ಹುರಮಂಜು ಬಳಿದು ಮೆರವಣಿಗೆಗೆ ಸಜ್ಜು ಮಾಡುತ್ತಿದ್ದನು. ತೊಳೆಯುವುದು, ಹೆರೆಯುವುದು, ಬಳಿಯುವುದು: ಈ ಮೂರು ಕ್ರಿಯೆಗಳು, ಇದೇ ಅನುಕ್ರಮ. ಇಂದು ರಾಣೆಬೆನ್ನೂರಿನ ಯಾವುದಾದರೊಂದು ಪತ್ರಾ ಷೆಡ್ಡಿನಲ್ಲಿ ಕಾರಿನ ಹೊಸ ಮಡ್‌ಗಾರ್ಡಿಗೆ ಬಣ್ಣ ಕೊಡುವವನೂ ಇದಕ್ಕಿಂತ ಬೇರೆಯದನ್ನೇನೂ ಮಾಡುವುದಿಲ್ಲ. ಸಾಮಗ್ರಿ ಬದಲಾಗಿದೆ; ಶಾಸ್ತ್ರ ಬದಲಾಗಿಲ್ಲ.

ಪುಣೆ–ಬೆಂಗಳೂರು ಹೆದ್ದಾರಿಯು ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರುಗಳನ್ನು ಮುಟ್ಟಿಕೊಂಡು ಹೋಗುತ್ತದೆ. ಬ್ಯಾಡಗಿ ಅದರಿಂದ ತುಸು ಒಳಗಿದೆ. ಈ ರಸ್ತೆಯ ಇಕ್ಕೆಲಗಳಲ್ಲಿ ಗೋಡೆಗೆ ಒರಗಿಸಿಟ್ಟ ಬಾಗಿಲು, ಬಾನೆಟ್ಟು, ಮಡ್‌ಗಾರ್ಡುಗಳು, ಅರ್ಧ ಬೂದಿಬಣ್ಣ, ಅರ್ಧ ಬೆತ್ತಲೆ ತಗಡು, ಕಣ್ಣಿಗೆ ಬೀಳದ ದಿನವಿಲ್ಲ. ರಸ್ತೆಯ ಇತಿಹಾಸ ಬರೆಯುವವರಿದ್ದಾರೆ, ಮಾರುಕಟ್ಟೆಯ ಇತಿಹಾಸ ಬರೆಯುವವರಿದ್ದಾರೆ. ತಗಡಿಗೂ ಮಳೆಗೂ ನಡುವೆ ಕೂದಲೆಳೆಯಷ್ಟು ದಪ್ಪದ ಆ ಪೊರೆಯ ಇತಿಹಾಸವನ್ನು ಬರೆಯುವವರು ಮಾತ್ರ ಕಡಿಮೆ. ಆದರೆ ಗಾಡಿಯ ಆಯುಷ್ಯವಿರುವುದು ಆ ಪೊರೆಯಲ್ಲಿ. ಅದನ್ನು ಬಳಿಯುವವನ ಆಯುಷ್ಯಕ್ಕೂ ಅದಕ್ಕೂ ಇರುವ ನಂಟನ್ನು ಮುಂದೆ ಹೇಳುತ್ತೇನೆ.

ಮೊದಲು ಚಕ್ಕಡಿಯ ಮಾತು. ಬಡಿಗನು ಮರಗೆಲಸ ಮುಗಿಸಿ, ಕಂಬಾರನು ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ತೊಡಿಸಿ, ಗಾಡಿ ಮನೆಗೆ ಬಂದ ಮೇಲೆ ಅದರ ಆರೈಕೆಯೆಲ್ಲ ಮನೆಯವರದೇ. ಒಂದು ಹಲಗೆ ಮುರಿದರೆ ಹೊಸ ಹಲಗೆ ಕೂಡಿಸುವುದು, ಅದಕ್ಕೆ ಎಣ್ಣೆ ಕುಡಿಸುವುದು, ಬೇಕಾದರೆ ಕೆಮ್ಮಣ್ಣು ಬೆರೆಸಿ ಬಳಿಯುವುದು. ಬದಲಿ ಭಾಗವನ್ನು ಮನೆಯಲ್ಲೇ ಸಿದ್ಧಪಡಿಸಿ ಬಣ್ಣ ಕೊಡುವ ಪದ್ಧತಿ ಅಮೆರಿಕದಿಂದ ಬಂದ ಹವ್ಯಾಸವೆಂದು ತಿಳಿದವರು ಇದನ್ನು ನೆನೆಯಬೇಕು.

ಎಣ್ಣೆಯೆಂದರೆ ಯಾವ ಎಣ್ಣೆ? ಇಲ್ಲಿಯೇ ರಸಾಯನಶಾಸ್ತ್ರ ಪ್ರವೇಶಿಸುತ್ತದೆ. ಅಚ್ಚಿಗೆ ಹಾಕುವ ಕೀಲೆಣ್ಣೆಗೆ ಔಡಲೆಣ್ಣೆಯೇ ಶ್ರೇಷ್ಠ, ಏಕೆಂದರೆ ಅದು ಒಣಗುವುದಿಲ್ಲ. ವರ್ಷಗಟ್ಟಲೆ ಇಟ್ಟರೂ ಜಿಡ್ಡು ಜಿಡ್ಡಾಗಿಯೇ ಉಳಿಯುತ್ತದೆ. ಮರಕ್ಕೆ ಮಾತ್ರ ಅಗಸಿ ಎಣ್ಣೆ ಬೇಕು. ಅಗಸಿ ಎಣ್ಣೆಯನ್ನು ತೆಳ್ಳಗೆ ಹಚ್ಚಿ ಗಾಳಿಗೆ ಬಿಟ್ಟರೆ ಅದು ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯಲ್ಲಿಯ ಆಮ್ಲಜನಕವನ್ನು ಹೀರಿ, ತನ್ನ ಕಣಗಳನ್ನು ಒಂದಕ್ಕೊಂದು ಹೆಣೆದುಕೊಂಡು, ಗಟ್ಟಿ ಪೊರೆಯಾಗುತ್ತದೆ. ಒಣಗಿದ ಮೇಲೆ ತೂಕ ಕಡಿಮೆಯಾಗುವ ಬದಲು ಹೆಚ್ಚಾಗುವ ವಿಚಿತ್ರವೂ ಉಂಟು. ಕುಸುಬಿ ಎಣ್ಣೆಗೂ ಈ ಗುಣ ಒಂದಿಷ್ಟಿದೆ. ಅದನ್ನು ಬಹಳ ಹೊತ್ತು ಕಾಯಿಸಿ ಅಂಟುಪಾಕ ಮಾಡಿ ಬಟ್ಟೆಗೆ ಬಳಿಯುವ ‘ರೋಗನ್’ ಕಲೆ ವಾಯವ್ಯ ಗಡಿಯ ಪಠಾಣರಲ್ಲಿ ಹೆಸರಾಗಿತ್ತು. ಅಗಸಿ, ಕುಸುಬಿ, ಔಡಲ ಈ ಮೂರೂ ನಮ್ಮ ಎರೆಹೊಲದ ಬೆಳೆಗಳೇ. ಯೂರೋಪಿನ ತೈಲಚಿತ್ರಕಾರರು ಯಾವ ಎಣ್ಣೆಯಿಂದ ಜಗತ್ಪ್ರಸಿದ್ಧ ಚಿತ್ರಗಳನ್ನು ಬರೆದರೋ ಅದೇ ಎಣ್ಣೆಯಿಂದ ನಮ್ಮವರು ಚಟ್ನಿಪುಡಿಗೆ ರುಚಿಯನ್ನೂ ಹಲಗೆಗೆ ಹೊಳಪನ್ನೂ ಕೊಟ್ಟರು. ಇದರಲ್ಲಿ ಕಡಿಮೆ ಮಾತೇನೂ ಇಲ್ಲ.

ಹಲಗೆಯ ಬಿರುಕು, ಗಂಟು, ತಗ್ಗುಗಳನ್ನು ಮುಚ್ಚಿ ನುಣುಪು ಮಾಡುವ ವಿದ್ಯೆಯನ್ನು ಕಲಿಯಬೇಕಾದರೆ ಕೊಪ್ಪಳದ ಹತ್ತಿರದ ಕಿನ್ನಾಳಕ್ಕೆ ಹೋಗಬೇಕು. ಅಲ್ಲಿಯ ಚಿತ್ರಗಾರರು ಮರದ ಗೊಂಬೆಗಳ ತುಂಡುಗಳನ್ನು ಕೂಡಿಸಿದ ಮೇಲೆ, ನಾರು-ಚಿಂದಿಗಳನ್ನು ನೆನೆಸಿ ಒಣಗಿಸಿ ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟಿನೊಡನೆ ಅರೆದು ‘ಕಿಟ್ಟ’ವೆಂಬ ಮುದ್ದೆ ಮಾಡುತ್ತಾರೆ. ಅದನ್ನು ಮೆತ್ತಿ, ಒಣಗಿಸಿ, ಉಜ್ಜಿ, ಅದರ ಮೇಲೆ ಬಿಳಿಯ ತಳಬಣ್ಣ, ಆಮೇಲೆ ಮೇಲ್ಬಣ್ಣ. ವಿಜಯನಗರದ ಕಾಲದಿಂದ ಬಂದ ಕಸುಬೆಂದು ಇದಕ್ಕೆ ಪ್ರತೀತಿ. ಗ್ಯಾರೇಜಿನವನು ಪುಟ್ಟಿ ಎಂದು ಕರೆಯುವ ವಸ್ತು ಕಿಟ್ಟದ ಮೊಮ್ಮಗನಲ್ಲದೆ ಬೇರೇನಲ್ಲ.

ಇನ್ನು ಕೆಮ್ಮಣ್ಣು. ಗೋಡೆಯ ಮೇಲೆ ಸುಣ್ಣದ ಪಟ್ಟೆ, ಕೆಮ್ಮಣ್ಣಿನ ಪಟ್ಟೆ ಎಳೆದ ನಮ್ಮ ಮನೆ-ಮಠಗಳ ಕೆಂಪು ಕಬ್ಬಿಣದ ಆಕ್ಸೈಡಿನ ಕೆಂಪು. ಹಾರ್ಡ್‌ವೇರ್ ಅಂಗಡಿಯಲ್ಲಿ ‘ರೆಡ್ ಆಕ್ಸೈಡ್’ ಎಂಬ ಹೆಸರಿನ ಡಬ್ಬಿಯಲ್ಲಿ ಸಿಗುವ ತಳಬಣ್ಣದ ಕೆಂಪೂ ಅದೇ. ವಿನೋದವೆಂದರೆ, ಕಬ್ಬಿಣದ ತುಕ್ಕೂ ಕಬ್ಬಿಣದ ಆಕ್ಸೈಡಿನ ಸಂತತಿಯೇ! ತುಕ್ಕಿನ ಭಯಕ್ಕೆ ತುಕ್ಕಿನ ದಾಯಾದಿಯನ್ನೇ ಬಳಿಯುತ್ತೇವೆ. ಭೇದವಿಷ್ಟೆ: ತುಕ್ಕು ನೀರನ್ನು ಹಿಡಿದಿಟ್ಟುಕೊಳ್ಳುವ ಬೊಕ್ಕೆ ವಸ್ತು, ಕೆಮ್ಮಣ್ಣು ಆಗಲೇ ಆಮ್ಲಜನಕವನ್ನು ಉಂಡು ತೃಪ್ತವಾದದ್ದು, ಇನ್ನೇನೂ ಆಗಲಾರದ್ದು. ಇದಕ್ಕಿಂತ ಬಲಶಾಲಿಯಾದ ಇನ್ನೊಂದು ಕೆಂಪಿತ್ತು: ಸಿಂಧೂರ, ಅಂದರೆ ಸೀಸದ ಆಕ್ಸೈಡ್. ಅಗಸಿ ಎಣ್ಣೆಯೊಡನೆ ಅದು ಸೇರಿ ಒಂದು ಬಗೆಯ ಸಾಬೂನಾಗಿ ಕಬ್ಬಿಣದ ಮೈಯನ್ನು ಕಾಯುತ್ತಿತ್ತು. ಸೇತುವೆಗಳನ್ನೂ ಹಡಗುಗಳನ್ನೂ ಅದು ತಲೆಮಾರುಗಳ ಕಾಲ ಕಾಯ್ದಿತು. ಬಳಿದವರ ರಕ್ತಕ್ಕೆ ಮಾತ್ರ ವಿಷವಾಯಿತು.

ಈಗ ಕಡಲಾಚೆಗೆ ಹೋಗೋಣ, ಏಕೆಂದರೆ ಮೋಟಾರು ಹುಟ್ಟಿದ್ದು ಅಲ್ಲಿ. ಮೊದಮೊದಲ ಮೋಟಾರುಗಳಿಗೆ ಬಣ್ಣ ಹಚ್ಚಿದವರು ಕುದುರೆ ಸಾರೋಟುಗಳಿಗೆ ಬಣ್ಣ ಹಚ್ಚುತ್ತಿದ್ದವರೇ. ಎಣ್ಣೆಬಣ್ಣದ ಪದರ ಬಳಿದು, ದಿನಗಟ್ಟಲೆ ಒಣಗಿಸಿ, ಪ್ಯೂಮಿಸ್ ಕಲ್ಲಿನಿಂದ ಉಜ್ಜಿ, ಮತ್ತೆ ಬಳಿದು, ಕಡೆಗೆ ವಾರ್ನಿಶು ಕೊಡುವಷ್ಟರಲ್ಲಿ ವಾರಗಳೇ ಉರುಳುತ್ತಿದ್ದವು. ಹೆನ್ರಿ ಫೋರ್ಡನಿಗೆ ಇಷ್ಟು ಸೈರಣೆ ಎಲ್ಲಿಯದು? ಅವನ ಕಾರ್ಖಾನೆಯಲ್ಲಿ ಒಂದು ಕಡೆಯಿಂದ ಗಾಡಿಗಳು ಹೊಳೆಯಂತೆ ಹರಿದು ಬರುತ್ತಿದ್ದವು. ಬಣ್ಣ ಒಣಗುವ ಕೋಣೆಯಲ್ಲಿ ಹೊಳೆ ನಿಂತುಬಿಡುತ್ತಿತ್ತು. 1914ರಿಂದ 1925ರವರೆಗೆ ಅವನ ‘ಮಾಡೆಲ್ ಟಿ’ ಕಪ್ಪು ಬಣ್ಣದಲ್ಲಿ ಮಾತ್ರ ಬಂದಿತೆಂಬುದು ಅನೇಕರಿಗೆ ಗೊತ್ತು. ಬಿಸಿಯಲ್ಲಿ ಬೇಯಿಸಿ ಗಟ್ಟಿ ಮಾಡುತ್ತಿದ್ದ ಆ ಕಪ್ಪು ಅಗ್ಗವೂ ಆಗಿತ್ತು, ಬಾಳಿಕೆಯದೂ ಆಗಿತ್ತು.

ಒಣಗುವಿಕೆಯ ಗಂಟನ್ನು ಬಿಚ್ಚಿದ್ದು ಮದ್ದಿನ ಕಾರ್ಖಾನೆ ಎಂದರೆ ವಾಚಕರು ಹುಬ್ಬೇರಿಸಬಹುದು. ಹತ್ತಿಯನ್ನು ನೈಟ್ರಿಕ್ ಆಮ್ಲದಲ್ಲಿ ಸಂಸ್ಕರಿಸಿದರೆ ಬಂದೂಕಿನ ಮದ್ದಾಗುತ್ತದೆ; ಸ್ವಲ್ಪ ಬೇರೆ ಪಾಕದಲ್ಲಿ ಅದೇ ಸಿನಿಮಾ ಫಿಲ್ಮು; ಇನ್ನೂ ಸ್ವಲ್ಪ ಬೇರೆಯಾಗಿ, ದ್ರಾವಕದಲ್ಲಿ ಕರಗಿಸಿದರೆ, ತಾಸುಗಳಲ್ಲಲ್ಲ, ನಿಮಿಷಗಳಲ್ಲಿ ಒಣಗುವ ಬಣ್ಣ. ಮೊದಲ ಮಹಾಯುದ್ಧ ಮುಗಿದ ಮೇಲೆ ಮದ್ದಿನ ವ್ಯಾಪಾರಕ್ಕೆ ಇಳಿಗಾಲ ಬಂದಿತ್ತು. ಡ್ಯುಪಾಂಟ್ ಕಂಪನಿಯು 1923ರ ಸುಮಾರಿಗೆ ‘ಡ್ಯೂಕೊ’ ಎಂಬ ಹೆಸರಿನಿಂದ ಈ ಬಣ್ಣವನ್ನು ಹೊರತಂದಿತು. ಜನರಲ್ ಮೋಟಾರ್ಸಿನ ‘ಓಕ್‌ಲೆಂಡ್’ ಕಾರುಗಳು ನೀಲಿ ಡ್ಯೂಕೊ ಉಟ್ಟು 1924ರ ಮಾದರಿಯಾಗಿ ಬೀದಿಗಿಳಿದವು. ಆ ಹೆಸರು ನಮ್ಮ ದೇಶದಲ್ಲಿ ಎಷ್ಟು ಬೇರೂರಿತೆಂದರೆ, ಕಪಾಟಿಗೆ ಪಿಚಕಾರಿಯಿಂದ ಹೊಡೆಸುವ ಯಾವುದೇ ಬಣ್ಣಕ್ಕೂ ಡ್ಯೂಕೊ ಎನ್ನುವವರು ಇಂದಿಗೂ ಇದ್ದಾರೆ. ರಾಣೆಬೆನ್ನೂರಿನ ಹತ್ತಿಯ ಹೊಲವನ್ನು ನೋಡಿದಾಗ ಇದರಿಂದ ಧೋತರವೂ ಆಗುತ್ತದೆ, ಮದ್ದೂ ಆಗುತ್ತದೆ, ಮೋಟಾರಿನ ಬಣ್ಣವೂ ಆಗುತ್ತದೆ ಎಂದು ಯಾರಿಗೆ ಹೊಳೆದೀತು?

ಬಣ್ಣ ಸಿಂಪಡಿಸುವ ಪಿಚಕಾರಿಯ ಕಥೆಯೂ ಸ್ವಾರಸ್ಯದ್ದೇ. ಅಮೆರಿಕದ ಟೊಲಿಡೊ ನಗರದ ಅಲೆನ್ ಡಿವಿಲ್ಬಿಸ್ ಎಂಬ ವೈದ್ಯನು ಹತ್ತೊಂಬತ್ತನೆಯ ಶತಮಾನದ ಕೊನೆಗೆ ರೋಗಿಗಳ ಗಂಟಲಿಗೆ ಔಷಧ ಸಿಂಪಡಿಸಲು ಒಂದು ಸಾಧನ ಮಾಡಿದನು. ಮುಂದಿನ ಶತಮಾನದ ಮೊದಲ ದಶಕದಲ್ಲಿ ಅವನ ಮಗ ಥಾಮಸನು ಅದೇ ತತ್ವವನ್ನು ಬಣ್ಣಕ್ಕೆ ಹೊಂದಿಸಿದನು. ಗಂಟಲಿಗೆ ಹಿತ ಮಾಡಲು ಹುಟ್ಟಿದ ಉಪಕರಣ ಬಣ್ಣಗಾರನ ಗಂಟಲಿಗೆ ಏನು ಮಾಡಿತೆಂಬುದು ಬೇರೆ ಮಾತು.

ಉಜ್ಜುವ ಕಾಗದಕ್ಕೂ ಒಂದು ಇತಿಹಾಸವಿದೆ. ಒಣ ಉಪ್ಪುಕಾಗದದಿಂದ ಬಣ್ಣ ಉಜ್ಜಿದಾಗ ಏಳುವ ಧೂಳಿನಲ್ಲಿ ಸೀಸವಿರುತ್ತಿತ್ತು; ಅದನ್ನು ಕುಡಿದು ಕೆಲಸಗಾರರು ಹಾಸಿಗೆ ಹಿಡಿಯುತ್ತಿದ್ದರು. ಫ್ರಾನ್ಸಿಸ್ ಓಕಿ ಎಂಬುವನು ನೀರಿನಲ್ಲಿ ನೆನೆಸಿದರೂ ಹರಿಯದ ಉಜ್ಜುಕಾಗದವನ್ನು ಕಂಡುಹಿಡಿದನು. 1921ರಲ್ಲಿ ತ್ರೀಎಮ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ನಮ್ಮ ಮೇಸ್ತ್ರಿಗಳು ‘ವಾಟರ್ ಪೇಪರ್’ ಎನ್ನುವುದು ಇದನ್ನೇ. ನೀರು ಹಾಕಿ ಉಜ್ಜಿದರೆ ನುಣುಪು ಬರುತ್ತದೆಂದು ಎಲ್ಲರೂ ಬಲ್ಲರು; ಧೂಳು ಏಳುವುದಿಲ್ಲ ಎಂಬುದೇ ಅದರ ದೊಡ್ಡ ಉಪಕಾರ. ಈ ಕಾಗದದ ಪರೀಕ್ಷೆಗೆಂದು ಗ್ಯಾರೇಜಿಗೆ ಹೋದ ಅದೇ ಕಂಪನಿಯ ತರುಣ ರಿಚರ್ಡ್ ಡ್ರೂ, ಅಲ್ಲಿ ಎರಡು ಬಣ್ಣದ ಕಾರು ಮಾಡುವವರು ಬೈಗುಳ ಸುರಿಸುತ್ತಿರುವುದನ್ನು ಕೇಳಿದನು. ಒಂದು ಭಾಗವನ್ನು ಕಾಗದದಿಂದ ಮುಚ್ಚಿ ಅಂಟಿಸಿ ಇನ್ನೊಂದಕ್ಕೆ ಬಣ್ಣ ಹೊಡೆದು, ಕಾಗದ ಕೀಳುವಾಗ ಬಣ್ಣವೂ ಕಿತ್ತು ಬರುತ್ತಿತ್ತು. ಬೈಗುಳದಿಂದಲೂ ವಿದ್ಯೆ ಹುಟ್ಟುತ್ತದೆ: 1925ರಲ್ಲಿ ಮಾಸ್ಕಿಂಗ್ ಟೇಪು ಸಿದ್ಧವಾಯಿತು. ಇಂದಿಗೂ ಗಾಜು-ದೀಪಗಳನ್ನು ಮುಚ್ಚಲು ಟೇಪಿನೊಡನೆ ಬಳಸುವುದು ಹಳೆಯ ವರ್ತಮಾನಪತ್ರಿಕೆಯನ್ನೇ. ಓದಿ ಮುಗಿದ ಸಾಪ್ತಾಹಿಕ ಪುರವಣಿಗೆ ಇದಕ್ಕಿಂತ ಹೆಚ್ಚಿನ ಸದ್ಗತಿ ಯಾವುದಿದೆ? ಆದರೆ ಎರಡು ಪದರ ಹಾಕಬೇಕು; ಒಂದೇ ಪದರವಾದರೆ ಥಿನ್ನರು ಒಳಗೆ ಇಳಿದು, ಅಚ್ಚಿನ ಮಸಿ ಬಣ್ಣಕ್ಕೆ ಹತ್ತಿ, ಲೇಖನದ ಸಾಲು ಬಾನೆಟ್ಟಿನ ಮೇಲೆ ಮರುಮುದ್ರಣವಾದೀತು.

ಈ ಎಲ್ಲ ಹೊಸತುಗಳು ನಮ್ಮ ಸೀಮೆಗೆ ಬಂದದ್ದು ನಿಧಾನವಾಗಿ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳು ಆಗ ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆಯ ಊರುಗಳು. ಹುಬ್ಬಳ್ಳಿ–ಹರಿಹರ ರೈಲುಮಾರ್ಗ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬಂದಿತ್ತು. ಮೆಣಸಿನಕಾಯಿ, ಹತ್ತಿಗಳು ಹಳ್ಳಿಯಿಂದ ನಿಲ್ದಾಣದವರೆಗೆ ಚಕ್ಕಡಿಯಲ್ಲಿ ಬರುತ್ತಿದ್ದವು. ಮೋಟಾರುಗಳು ಬಂದರೂ ಬಹುದಿನ ಅವು ಸಾಹುಕಾರರ, ಸಾಹೇಬರ, ಖಾಸಗಿ ಬಸ್ಸಿನವರ ಸೊತ್ತಾಗಿದ್ದವು. ಸರ್ಕಾರಿ ಬಸ್ಸು ಬಂದದ್ದು ಸ್ವಾತಂತ್ರ್ಯದ ತರುವಾಯ: ಮುಂಬಯಿ ರಾಜ್ಯದಲ್ಲಿ 1948ರ ಜೂನ್‌ನಲ್ಲಿ, ಮೈಸೂರಿನಲ್ಲಿ ಅದೇ ವರ್ಷದ ಸೆಪ್ಟೆಂಬರಿನಲ್ಲಿ. 1956ರ ನವೆಂಬರ್ 1ರಂದು ನಾಡು ಒಂದಾದಾಗ ಊರುಗಳೊಡನೆ ಬಸ್ಸುಗಳೂ ಯಜಮಾನರನ್ನು ಬದಲಿಸಿದವು. 1961ರ ಆಗಸ್ಟ್ 1ರಂದು ರಸ್ತೆ ಸಾರಿಗೆ ನಿಗಮವಾಯಿತು. 1997ರಲ್ಲಿ ಆಗಸ್ಟ್ 24ಕ್ಕೆ ಹಾವೇರಿ ಜಿಲ್ಲೆಯೂ ನವೆಂಬರ್ 1ಕ್ಕೆ ಹುಬ್ಬಳ್ಳಿಯ ವಾಯವ್ಯ ಸಾರಿಗೆ ನಿಗಮವೂ ಹುಟ್ಟಿದವು. ಇಂಥ ಪ್ರತಿಯೊಂದು ರಾಜಕೀಯ ಘಟನೆಯ ಹಿಂದೆ ಯಾವುದೋ ಡಿಪೋದಲ್ಲಿ ಒಬ್ಬ ಪೇಂಟರು ಬಸ್ಸಿನ ಪಕ್ಕೆಯ ಮೇಲಿನ ಹಳೆಯ ಅಕ್ಷರಗಳನ್ನು ಉಜ್ಜಿ ಹೊಸ ಅಕ್ಷರಗಳನ್ನು ಬರೆಯುತ್ತಾನೆ. ನಾಡಿನ ಏಕೀಕರಣವನ್ನು ಕುಂಚದಿಂದ ಮಾಡಿದವನು ಅವನೇ!

ಸ್ವಾತಂತ್ರ್ಯಾನಂತರದ ಮೂರು-ನಾಲ್ಕು ದಶಕಗಳು ತಗಡು ನೆಟ್ಟಗೆ ಮಾಡುವವರ ಸುವರ್ಣಯುಗ. ಮಹೀಂದ್ರದವರು 1947ರಿಂದ ಜೀಪು ಜೋಡಿಸತೊಡಗಿದರು. 1954ರಲ್ಲಿ ಟಾಟಾ-ಮರ್ಸಿಡಿಸ್ ಲಾರಿ ಬಂದಿತು. ಅಂಬಾಸಿಡರ್ ಕಾರಿಗೆ 1950ರ ದಶಕದ ಕೊನೆಯಿಂದ 2014ರವರೆಗೆ ಆಯುಷ್ಯ. ಕಾರಿಗೆ, ಸ್ಕೂಟರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯುವ ಕಾಲ ಅದು. ಬಿಡಿಭಾಗ ದುರ್ಲಭವಾದಲ್ಲಿ ಒಡೆದದ್ದನ್ನು ಎಸೆಯುವವರಾರು? ಜೀಪಿನ ಮಡ್‌ಗಾರ್ಡು ಚಪ್ಪಟೆ ತಗಡಿನದಾದ್ದರಿಂದ ಊರ ಕಂಬಾರನೂ ಹೊಸದನ್ನು ಕತ್ತರಿಸಿ ಬಗ್ಗಿಸಿ ಕೊಡಬಲ್ಲವನಾಗಿದ್ದನು. ಅಂಬಾಸಿಡರಿನ ಗುಂಡು ಮೈಗೆ ಮಾತ್ರ ‘ಟಿಂಕರಿಂಗ್’ ಬಲ್ಲ ಕೈಯೇ ಬೇಕು. ಮನೆಯಲ್ಲಿ ಕೆಲಸ ಮಾಡುವವನಿಗೆ ಅನುಕೂಲವಾಗಿ ಬಂದದ್ದು ಲ್ಯಾಂಬ್ರೆಟಾ ಸ್ಕೂಟರು. ಮುಂಬಯಿಯಲ್ಲಿ 1950ರ ದಶಕದಲ್ಲಿ ಜೋಡಣೆಯಾಗತೊಡಗಿದ ಆ ಗಾಡಿಯ ಎರಡು ಪಕ್ಕದ ತಗಡುಗಳನ್ನು ಕೈಯಿಂದಲೇ ಬಿಚ್ಚಬಹುದಾಗಿತ್ತು. ಮುಂದೆ 1972ರಲ್ಲಿ ಬಂದ ಬಜಾಜ್ ಚೇತಕ್ಕಿನ ಪಕ್ಕದ ಡಬ್ಬಗಳೂ ಹಾಗೆಯೇ. ಗಾಡಿ ಅಂಗಳದಲ್ಲಿ ನಿಂತಿರಲಿ, ತಗಡನ್ನು ಮಾತ್ರ ಪಡಸಾಲೆಗೆ ತಂದು ರವಿವಾರವಿಡೀ ಉಜ್ಜುತ್ತ ಕೂಡುವುದು ಎಷ್ಟೋ ಗುಮಾಸ್ತರ, ಮಾಸ್ತರರ ಕಾಯಕವಾಗಿತ್ತು. ಅಮೆರಿಕದ ಎಡ್ವರ್ಡ್ ಸೀಮೋರ್ 1949ರಲ್ಲಿ ಕಂಡುಹಿಡಿದ, ಗುಂಡಿ ಒತ್ತಿದರೆ ಬಣ್ಣ ಚಿಮ್ಮುವ ಡಬ್ಬಿ ನಮ್ಮ ಊರಿನ ಅಂಗಡಿಗಳಿಗೆ ಬರಲು ಬಹಳ ಕಾಲ ಹಿಡಿಯಿತು. ಅಲ್ಲಿಯವರೆಗೆ ಕುಂಚವೇ ಗತಿ.

ಕುಂಚದಿಂದ ಬಳಿಯುತ್ತಿದ್ದ ಎನಾಮಲ್ಲನ್ನು ಹೀಗಳೆಯಬಾರದು. ಹಾರ್ಡ್‌ವೇರ್ ಅಂಗಡಿಯ ಸಾಧಾರಣ ಎನಾಮಲ್ ಎಂದರೆ ಆಲ್ಕಿಡ್ ರಾಳ. 1920ರ ದಶಕದಲ್ಲಿ ರೂಪುಗೊಂಡ ಅದು ಸಸ್ಯಜನ್ಯ ಎಣ್ಣೆಗಳನ್ನು ಬೇಯಿಸಿ ಮಾಡಿದ್ದು. ಅಗಸಿ, ಸೋಯಾಗಳಲ್ಲದೆ ನಮ್ಮ ಔಡಲೆಣ್ಣೆಯೂ ಅದರಲ್ಲಿ ಸೇರುತ್ತದೆ. ಎಂದೂ ಒಣಗದ ಔಡಲೆಣ್ಣೆಯಿಂದ ನೀರಿನ ಅಂಶವನ್ನು ರಾಸಾಯನಿಕವಾಗಿ ತೆಗೆದರೆ ಅದು ಒಣಗುವ ಎಣ್ಣೆಯಾಗಿ ಮಾರ್ಪಡುತ್ತದೆ. ಅಜ್ಜನ ಚಕ್ಕಡಿಯ ಅಚ್ಚಿನಲ್ಲಿ ಜಿಡ್ಡಾಗಿದ್ದುದು ಮೊಮ್ಮಗನ ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ ಹೊಳಪಾಗಿ ಕುಳಿತಿತು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪಿತವಾದ ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆಯನ್ನು ನಾವು ಮತದಾನದ ಮಸಿಗಾಗಿ ಮಾತ್ರ ನೆನೆಯುತ್ತೇವೆ. ಅದರ ಹೆಸರಿನಲ್ಲಿಯೇ ಅರಗೂ ಬಣ್ಣವೂ ಇದ್ದುದನ್ನು ಮರೆತಿದ್ದೇವೆ.

ಹಾಗಾದರೆ ಇಂದು ಒಬ್ಬ ಗೃಹಸ್ಥನು ಹೊಸ ಮಡ್‌ಗಾರ್ಡನ್ನೋ ಬಾಗಿಲನ್ನೋ ತಂದು ಮನೆಯಲ್ಲಿ ಬಣ್ಣ ಕೊಡುವೆನೆಂದರೆ? ಕೊಡಬಹುದು. ಆದರೆ ಇತಿಹಾಸ ಕಲಿಸಿದ್ದನ್ನು ಕಲಿಯದೆ ಕೊಡಬಾರದು.

ಕಂಪನಿಯ ಬದಲಿ ಭಾಗಗಳು ಸಾಮಾನ್ಯವಾಗಿ ಕಪ್ಪು ಇಲ್ಲವೆ ಬೂದಿ ಬಣ್ಣದ ಪೊರೆಯೊಡನೆ ಬರುತ್ತವೆ. ತಗಡನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತು ಹಾಯಿಸಿ ಸಂದುಗೊಂದುಗಳಿಗೂ ಪೊರೆ ಕೂಡಿಸುವ ವಿಧಾನವಿದು. 1960ರ ದಶಕದಿಂದ ಕಾರ್ಖಾನೆಗಳಲ್ಲಿ ನೆಲೆಯೂರಿತು. ಎಷ್ಟೋ ಜನ ಅದನ್ನು ಬರಿಯ ಸಾಗಾಣಿಕೆಯ ಬಣ್ಣವೆಂದು ತಿಳಿದು ಕೆತ್ತಿ ತೆಗೆದು ತಗಡನ್ನು ಬೆಳ್ಳಗೆ ಮಾಡುತ್ತಾರೆ. ರೇಷ್ಮೆ ಸೀರೆಯ ಜರಿ ಕಿತ್ತು ತೊಳೆದಂತಾಯಿತು! ಅದಕ್ಕಿಂತ ಒಳ್ಳೆಯ ತಳಬಣ್ಣವನ್ನು ಮನೆಯಲ್ಲಿ ಯಾರೂ ಕೊಡಲಾರರು. ಆದರೆ ಅಗ್ಗದ ನಕಲು ಭಾಗಗಳ ಮೇಲೆ ನಿಜವಾಗಿಯೂ ಕಣ್ಣುಕಟ್ಟಿನ ಬಣ್ಣವಿರುವುದುಂಟು. ಪರೀಕ್ಷೆ ಸುಲಭ: ಅರಿವೆಗೆ ಥಿನ್ನರು ತೊಟ್ಟಿಕ್ಕಿಸಿ ಉಜ್ಜಬೇಕು. ಅರಿವೆ ಕಪ್ಪಾಗಿ ತಗಡು ಬೆಳ್ಳಗಾದರೆ ಅದನ್ನು ಪೂರ್ತಿ ತೆಗೆಯಬೇಕು; ಏನೂ ಆಗದಿದ್ದರೆ ಹಾಗೆಯೇ ಇರಿಸಿ, ಮೇಲ್ಮೈಯನ್ನು ಸಣ್ಣ ಕಾಗದದಿಂದ ಮಬ್ಬಾಗುವಷ್ಟು ಮಾತ್ರ ಉಜ್ಜಬೇಕು.

ಇದಕ್ಕೂ ಮೊದಲು ಮಾಡಬೇಕಾದ ಒಂದು ಕೆಲಸವನ್ನು ಅವಸರದವರು ಕೊನೆಗೆ ಮಾಡುತ್ತಾರೆ: ಭಾಗವನ್ನು ಗಾಡಿಗೆ ಒಮ್ಮೆ ಕೂಡಿಸಿ ನೋಡುವುದು. ತೂತುಗಳು ಸರಿಹೊಂದುತ್ತವೆಯೆ, ಬಾಗಿಲಿನ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲವಿದೆಯೆ ಎಂದು ಪರೀಕ್ಷಿಸಬೇಕು. ಬಣ್ಣ ಹಚ್ಚಿದ ಮೇಲೆ ಬಡಿದು ಬಗ್ಗಿಸುವ ಪ್ರಸಂಗ ಬಂದರೆ ಮಾಡಿದ್ದೆಲ್ಲ ಮಣ್ಣುಪಾಲು. ಆಮೇಲೆ ಸಾಬೂನಿನ ನೀರಿನಿಂದ, ಅನಂತರ ಜಿಡ್ಡು ತೆಗೆಯುವ ದ್ರಾವಕದಿಂದ ತೊಳೆಯುವುದು. ತೊಳೆದಲ್ಲಿ ಬರಿಗೈ ಇಡಬಾರದು. ಅಂಗೈಯ ಬೆವರೂ ಎಣ್ಣೆಯೂ ಬಣ್ಣಕ್ಕೆ ವೈರಿಗಳು. ತಗಡು ಬೆತ್ತಲೆಯಾದಲ್ಲಿ ಎಪಾಕ್ಸಿ ಪ್ರೈಮರು. ತಗ್ಗಿದ್ದಲ್ಲಿ ಪುಟ್ಟಿ, ಅದೂ ಎರಡು-ಮೂರು ಮಿಲಿಮೀಟರಿಗೆ ಮೀರದಂತೆ. ಪುಟ್ಟಿಯಿಂದ ತಗಡು ಕಟ್ಟುವವರಿದ್ದಾರೆ. ಒಂದು ಬೇಸಗೆ, ಒಂದು ಮಳೆಗಾಲ ಕಳೆದರೆ ಅದು ಬಿರಿದು ಅವರ ಕೈವಾಡವನ್ನು ಊರಿಗೆಲ್ಲ ಸಾರುತ್ತದೆ. ಆಮ್ಲವಿರುವ ‘ಎಚ್’ ಪ್ರೈಮರಿನ ಮೇಲೆ ಪಾಲಿಯೆಸ್ಟರ್ ಪುಟ್ಟಿಯನ್ನು ನೇರವಾಗಿ ಹಾಕಬಾರದು, ಎರಡಕ್ಕೂ ಆಗಿಬರುವುದಿಲ್ಲ. ಉಜ್ಜಿದ್ದು ಸಮವಾಯಿತೇ ಎಂದು ತಿಳಿಯಲು ಕಣ್ಣಿಗಿಂತ ಬೆರಳು ಮೇಲು. ಬೆರಳಿಗಿಂತ ಮೇಲೆಂದರೆ, ತೆಳ್ಳಗೆ ಒಂದು ಕಪ್ಪು ಬಣ್ಣ ಚಿಮುಕಿಸಿ ಮರದ ತುಂಡಿಗೆ ಸುತ್ತಿದ ಕಾಗದದಿಂದ ಉಜ್ಜುವುದು. ತಗ್ಗಿನಲ್ಲಿ ಕಪ್ಪು ಉಳಿದು ತಾನೇ ದೂರು ಕೊಡುತ್ತದೆ.

ಹವೆಯ ಸಂಗತಿಯನ್ನು ಹೊರಗಿನವರು ಬರೆದ ಕೈಪಿಡಿ ಹೇಳಲಾರದು. ನಮ್ಮಲ್ಲಿ ಆಷಾಢದ ಜಿಟಿಜಿಟಿಯಲ್ಲಿ ಬಣ್ಣ ಹೊಡೆಯಕೂಡದು. ಬೇಗ ಆರುವ ಬಣ್ಣದ ದ್ರಾವಕವು ಆವಿಯಾಗುವಾಗ ತಗಡನ್ನು ತಣ್ಣಗೆ ಮಾಡುತ್ತದೆ. ಆ ತಂಪಿಗೆ ಗಾಳಿಯ ತೇವ ಹನಿಗಟ್ಟಿ ಹೊಳಪಿನ ಮೇಲೆ ಬಿಳಿಯ ಮಬ್ಬು ಕವಿಯುತ್ತದೆ. ಸುಗ್ಗಿಯ ಕಾಲ ಒಣದಾದರೂ ಧೂಳಿನದು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆಗೆ ತುಂಬಿದಾಗ ಗಾಳಿಯಲ್ಲಿಯೇ ಘಾಟಿರುತ್ತದೆ. ಪಿಚಕಾರಿ ಹಿಡಿದ ಕೈ ಸೀನಿಗೆ ಅದುರಿದರೆ ಬಣ್ಣ ಸೋರಿತೆಂದೇ ಲೆಕ್ಕ. ನೆಲಕ್ಕೆ ನೀರು ಚಿಮುಕಿಸಿ ಧೂಳನ್ನು ಕೂಡಿಸುವುದು ನಮ್ಮ ಹೆಣ್ಣುಮಕ್ಕಳು ದಿನಾ ಅಂಗಳದಲ್ಲಿ ಮಾಡುವ ಕೆಲಸವೇ. ಬಣ್ಣಗಾರನೂ ಅದನ್ನೇ ಮಾಡುತ್ತಾನೆ.

ಬ್ಯಾಡಗಿಯ ಹೆಸರು ಬಂದಿತಾಗಿ ಒಂದು ಮಾತು. ಈ ಊರು ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಯ ಬೆಲೆಯಲ್ಲಿ ಅದರ ಕೆಂಪಿನ ಅಳತೆಗೆ ದೊಡ್ಡ ಪಾಲಿದೆ. ಅದರಿಂದ ತೆಗೆದ ಓಲಿಯೊರೆಸಿನ್ ಆಹಾರಕ್ಕೂ ತುಟಿಬಣ್ಣಕ್ಕೂ ಹೋಗುತ್ತದೆ. ಆ ಕೆಂಪು ಬಿಸಿಲಿಗೆ, ಗಾಳಿಗೆ ಮಾಸುತ್ತದೆಂದೇ ಕಾಯಿಯನ್ನು ಶೀತಗೃಹದಲ್ಲಿ ಇಡುವುದು. ಕಾರಿನ ಕೆಂಪೂ ಹಾಗೆಯೇ ಮಾಸುವ ಕುಲ. ಹತ್ತು ವರ್ಷ ಬಿಸಿಲುಂಡ ಕಾರಿಗೆ ಡಬ್ಬಿಯ ಮೇಲಿನ ಅಂಕಿ ನೋಡಿ ಅದೇ ಬಣ್ಣ ತಂದು ಹೊಸ ಬಾಗಿಲಿಗೆ ಹಚ್ಚಿದರೆ, ಹಳೆಯ ಅರಿವೆಗೆ ಹೊಸ ತೇಪೆ ಹಾಕಿದಂತೆ ಕಾಣುವುದು. ಬೆಳ್ಳಿಹುಡಿ ಬೆರೆತ ಬಣ್ಣವಾದರೆ ಇನ್ನೂ ಕಷ್ಟ. ಪಿಚಕಾರಿಯ ದೂರ, ಒತ್ತಡಗಳು ಬದಲಾದರೂ ಛಾಯೆ ಬದಲಾಗುತ್ತದೆ. ಪಕ್ಕದ ಭಾಗಕ್ಕೂ ಬಣ್ಣವನ್ನು ಕ್ರಮೇಣ ತೆಳುವಾಗಿಸಿ ಬೆರೆಸುವ ಕೌಶಲ ರಾತ್ರಿ ಬೆಳಗಾಗುವುದರೊಳಗೆ ಬರುವಂಥದ್ದಲ್ಲ. ಹಳೆಯ ಜೀಪು, ಟ್ರ್ಯಾಕ್ಟರು, ಸ್ಕೂಟರುಗಳ ಒಂದೇ ಬಣ್ಣದ ಮೈ ಮನೆಗೆಲಸಕ್ಕೆ ತಕ್ಕುದು. ಒಂದು ಬಣ್ಣ ಬಿಟ್ಟು ಬೇರೊಂದನ್ನೇ ಗಾಡಿಗೆಲ್ಲ ಬಳಿಯುವವರು, ಕೆಎ-27ರ ಹಾವೇರಿಯವರಿರಲಿ, ಕೆಎ-68ರ ರಾಣೆಬೆನ್ನೂರಿನವರಿರಲಿ, ನೋಂದಣಿ ಪತ್ರದಲ್ಲಿ ಬಣ್ಣವನ್ನೂ ಬರೆದಿರುತ್ತದೆಂಬುದನ್ನು ಮರೆಯಬಾರದು.

ಈಗ ಆಯುಷ್ಯದ ಮಾತು. ಇಂದಿನ ಕಾರಿನ ಗಾಜಿನಂಥ ಹೊಳಪು ಬರುವುದು ಎರಡು ಡಬ್ಬಿಗಳನ್ನು ಬೆರೆಸಿ ಹೊಡೆಯುವ ಪಾಲಿಯುರೆಥೇನ್ ಬಣ್ಣದಿಂದ. ಜರ್ಮನಿಯ ಓಟ್ಟೊ ಬೇಯರ್ 1937ರಲ್ಲಿ ಕಂಡ ರಸಾಯನದ ಸಂತಾನವದು. ಎರಡನೆಯ ಡಬ್ಬಿಯ ಹಾರ್ಡ್‌ನರಿನಲ್ಲಿ ಐಸೊಸಯನೇಟ್ ಎಂಬ ವಸ್ತುವಿದೆ. ಅದರ ತುಂತುರನ್ನು ಉಸಿರಾಡಿದವರಿಗೆ ಉಬ್ಬಸ ಹಿಡಿಯಬಹುದು; ಒಮ್ಮೆ ಹಿಡಿಯಿತೆಂದರೆ ಮುಂದೆ ಅತ್ಯಲ್ಪ ಪ್ರಮಾಣವೂ ಸಾಕು ಕೆರಳಿಸಲು. ಮೂಗಿಗೆ ಕಟ್ಟಿದ ಕರ್ಚೀಫಾಗಲಿ ಧೂಳಿನ ಮುಖವಾಡವಾಗಲಿ ಅದನ್ನು ತಡೆಯಲಾರದು. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ತರುವ ಮುಖವಾಡ ಬೇಕು. ಬಣ್ಣಗಾರನ ಕಸುಬನ್ನೇ ಕ್ಯಾನ್ಸರ್ ತರುವ ಕಸುಬೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1989ರಲ್ಲಿಯೇ ಪಟ್ಟಿ ಮಾಡಿತು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ದಶಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ 2017ರ ನವೆಂಬರಿನಿಂದ ಜಾರಿಗೆ ಬಂದಿತು. ಅದು ಮನೆಯ ಬಣ್ಣಕ್ಕೆ, ಗಾಡಿಯ ಬಣ್ಣಕ್ಕಲ್ಲ. ಹಳೆಯ ಗಾಡಿಯ ಬಣ್ಣವನ್ನು ಒಣಗಿದಂತೆಯೇ ಉಜ್ಜುವಾಗ ಏಳುವ ಧೂಳಿನಲ್ಲಿ 1921ಕ್ಕೆ ಮುಂಚಿನ ಆ ವಿಷವೇ ಇಂದಿಗೂ ಇದ್ದೀತು. ಇದನ್ನೆಲ್ಲ ಬರಿಮೂಗಿನಿಂದ ಉಂಡು ನಮಗೆ ಹೊಳಪು ಕೊಟ್ಟವರು ಹೆದ್ದಾರಿಯ ಷೆಡ್ಡುಗಳ ಹುಡುಗರು. ಹೊಸ ಬಾಗಿಲಿನ ಬೆಲೆಗೆ ಚೌಕಾಸಿ ಮಾಡದವರು ಅವರ ಮಜೂರಿಗೆ ಚೌಕಾಸಿ ಮಾಡುತ್ತಾರೆ.

ಆದ್ದರಿಂದ ಮನೆಯಲ್ಲಿ, ಅದರಲ್ಲೂ ಮಕ್ಕಳು-ಮುದುಕರಿರುವ ಮನೆಯಲ್ಲಿ, ಎರಡು ಡಬ್ಬಿಯ ಬಣ್ಣವನ್ನು ಸಿಂಪಡಿಸಲೇಬಾರದೆಂದು ನನ್ನ ಖಂಡಿತ ಅಭಿಪ್ರಾಯ. ಅಷ್ಟು ಹೊಳಪು ಬೇಕೆನ್ನುವವರು ಉಜ್ಜಿ ಪ್ರೈಮರು ಕೊಡುವವರೆಗಿನ ಕೆಲಸವನ್ನು ತಾವು ಮಾಡಿಕೊಂಡು, ಕೊನೆಯ ಬಣ್ಣಕ್ಕೆ ತಕ್ಕ ಕೋಣೆ, ತಕ್ಕ ಮುಖವಾಡ ಇದ್ದಲ್ಲಿಗೆ ಒಯ್ಯಲಿ. ಜೀಪಿನ ಮಡ್‌ಗಾರ್ಡಿಗೆ, ಟ್ರ್ಯಾಕ್ಟರಿನ ಬಾನೆಟ್ಟಿಗೆ ಕುಂಚದ ಎನಾಮಲ್ಲು ಇದೆ. ಗಾಳಿಯಾಡುವ ಮಾಡಿನ ಕೆಳಗೆ, ತೆಳ್ಳಗೆ, ಒಂದರ ಮೇಲೊಂದರಂತೆ ಬಳಿದು, ನಡುವೆ ನೀರಿನ ಕಾಗದದಿಂದ ಉಜ್ಜಿದರೆ ಹತ್ತು ಹೆಜ್ಜೆ ದೂರದಿಂದ ಯಾರೂ ಕುಂದು ಹುಡುಕಲಾರರು.

ಬಾಗಿಲಾದರೆ ಹೊರಮೈಗಿಂತ ಮೊದಲು ಒಳಅಂಚುಗಳಿಗೆ ಬಣ್ಣ ಕೊಡಬೇಕು. ತುಕ್ಕು ಒಳಗಿನಿಂದಲೇ ತಿನ್ನುತ್ತ ಬರುತ್ತದೆ. ಕೆಳಅಂಚಿನಲ್ಲಿ ನೀರು ಹೋಗಲು ಕಾರ್ಖಾನೆಯವರು ಇಟ್ಟ ಸಣ್ಣ ತೂತುಗಳಿರುತ್ತವೆ. ಪುಟ್ಟಿಯೋ ಬಣ್ಣವೋ ಅವುಗಳಲ್ಲಿ ಸೇರಿಕೊಂಡಿದ್ದರೆ ಒಂದು ತಂತಿಯಿಂದ ಬಿಡಿಸಿ, ಒಳಗಡೆ ಮೇಣದೆಣ್ಣೆ ಬಿಟ್ಟು, ಒಂದು ವಾರ ನೆರಳಿನಲ್ಲಿ ಗಟ್ಟಿಯಾಗಗೊಟ್ಟು ಮೇಲೆ ಗಾಡಿಗೆ ಕೂಡಿಸಬೇಕು. ಕಾರಹುಣ್ಣಿಮೆಗೆ ಮುಂಚೆ ಮುಗಿಸಿದರೆ ಒಳ್ಳೆಯದು. ಆಮೇಲೆ ಮಳೆ ಹಿಡಿಯುತ್ತದೆ.